ಹಾಲಿನ ಡೈರಿಯ ಗೋಡೆಯ ಮೇಲೆ 1930 ಬರೆಸಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮದ್ದೂರು ತಾಲ್ಲೂಕಿನ ನಮ್ಮೂರಿನಲ್ಲಿ, ನನ್ನ ಚಿಕ್ಕಮ್ಮನವರ ಖಾತೆಯಲ್ಲಿ ಹಾಲಿನ ಬಟವಾಡೆ, ಗೃಹಲಕ್ಷ್ಮಿಯ ಎರಡು ಸಾವಿರ ಎಂದು ಕೂಡಿಟ್ಟಿದ್ದ ಹಣವೆಲ್ಲ ಒಂದು ಶನಿವಾರ ರಾತ್ರಿ ಖಾಲಿಯಾಯಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ. ಹೊಸ ಸಿನಿಮಾಗಳನ್ನು ಪುಕ್ಕಟೆ ತೋರಿಸುತ್ತದೆಂದು ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದ ಎಪಿಕೆ ಫೈಲೊಂದನ್ನು, ಅಂದರೆ ಪ್ಲೇ ಸ್ಟೋರ್‌ನಿಂದಲ್ಲದೆ ನೇರವಾಗಿ ಹಾಕಿಕೊಳ್ಳುವ ಆ್ಯಪ್‌ನ ಫೈಲನ್ನು, ಮೊಮ್ಮಗ ಅವರ ಫೋನಿಗೆ ಹಾಕಿಕೊಟ್ಟಿದ್ದ, ಅಷ್ಟೆ.

ವಿಡಿಯೊ ತೋರಿಸಲು ಯಾವ ಆ್ಯಪ್‌ಗೂ ನಮ್ಮ ಎಸ್‌ಎಂಎಸ್ ಓದುವ ಅಗತ್ಯವಿಲ್ಲ. ಆದರೂ ಆ ಆ್ಯಪ್ ಅದಕ್ಕೆ ಅನುಮತಿ ಕೇಳಿತ್ತು. ಜೊತೆಗೆ ‘ಆಕ್ಸೆಸಿಬಿಲಿಟಿ’ ಎಂಬ ಅನುಮತಿಯನ್ನೂ ಕೇಳಿತ್ತು. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವಂಥ ನೆರವಿಗಾಗಿ ಆಂಡ್ರಾಯ್ಡ್ ಫೋನಿನಲ್ಲಿ ಇಟ್ಟಿರುವ ಈ ಸೌಲಭ್ಯವನ್ನು ವಂಚಕರ ಕೈಗೆ ಕೊಟ್ಟರೆ, ಅವರ ಆ್ಯಪ್ ನಾವು ಒತ್ತುವ ಅಕ್ಷರಗಳನ್ನು ಗಮನಿಸಬಲ್ಲದು, ನಮ್ಮ ಪರವಾಗಿ ತಾನೇ ಗುಂಡಿ ಒತ್ತಬಲ್ಲದು, ಬಂದ ಒಟಿಪಿಯನ್ನು ನಮ್ಮ ಕಣ್ಣಿಗೆ ಬೀಳುವ ಮೊದಲೇ ಬೇರೆಡೆಗೆ ಕಳಿಸಬಲ್ಲದು. ‘ಒಟಿಪಿ ಹೇಳಬೇಡಿ’ ಎಂದು ವರ್ಷಗಟ್ಟಲೆ ಸಾರಿದ ಎಚ್ಚರಿಕೆ ಇಲ್ಲಿ ಚಿಕ್ಕಮ್ಮನವರನ್ನು ಕಾಯಲಿಲ್ಲ.

ಪ್ಲೇ ಸ್ಟೋರ್‌ನ ಹೊರಗಿನಿಂದ ಬಂದ ಆ್ಯಪ್‌ಗಳೆಲ್ಲ ಮೋಸದವೆಂದು ನಾನು ಹೇಳುತ್ತಿಲ್ಲ. ಬರಿಯ ನಿಷೇಧದಿಂದ ಇದು ನಿಲ್ಲುವುದೂ ಇಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ತಡೆದ ಬೆನ್ನಲ್ಲೇ ‘ಟಿಕ್‌ಟಾಕ್ ಪ್ರೊ’ ಎಂಬ ನಕಲಿ ಆ್ಯಪ್ ಇದೇ ಎಪಿಕೆ ರೂಪದಲ್ಲಿ ಫೋನಿಂದ ಫೋನಿಗೆ ಹರಡಿತ್ತು.

ನಮ್ಮನ್ನು ಹೆಚ್ಚು ನೋಯಿಸಿದ್ದು ಕಳೆದುಹೋದ ಸಮಯ. ಭಾನುವಾರ ಏನೂ ತೋಚದೆ ಕುಳಿತು, ಸೋಮವಾರ ಬ್ಯಾಂಕಿನ ಬಾಗಿಲು ತೆರೆಯುವವರೆಗೆ ಕಾದೆವು. ಸೈಬರ್ ವಂಚನೆಗೆಂದೇ ಇರುವ 1930 ಸಹಾಯವಾಣಿಗೆ ಆ ರಾತ್ರಿಯೇ ಕರೆ ಮಾಡಿದ್ದರೆ, ಹಣ ವಂಚಕರ ಖಾತೆಯಿಂದ ಮುಂದಕ್ಕೆ ಹೋಗುವ ಮುನ್ನ ತಡೆಹಿಡಿಸುವ ಅವಕಾಶವಾದರೂ ಇರುತ್ತಿತ್ತು. ಆ ನಂಬರು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಓದಿದವನೆನಿಸಿಕೊಂಡ ನನಗೂ ಗೊತ್ತಿರಲಿಲ್ಲ ಎಂಬುದು ಇಂದಿಗೂ ಕೊರೆಯುತ್ತದೆ.

ನಗರದ ಸಭಾಂಗಣದಲ್ಲಿ ನಡೆಯುವ ಜಾಗೃತಿ ಕಾರ್ಯಕ್ರಮಕ್ಕೆ ನಮ್ಮೂರಿನ ಹೆಂಗಸರು ಬರಲಾರರು, ಆದರೆ ದಿನಕ್ಕೆರಡು ಹೊತ್ತು ಹಾಲು ಹಾಕಲು ಡೈರಿಗೆ ಬಂದೇ ಬರುತ್ತಾರೆ. ಆದ್ದರಿಂದ ಜಿಲ್ಲೆಯ ಪ್ರತಿಯೊಂದು ಹಾಲು ಉತ್ಪಾದಕರ ಸಹಕಾರ ಸಂಘದ ಗೋಡೆಯ ಮೇಲೆ 1930 ಎಂಬ ಸಂಖ್ಯೆಯನ್ನೂ, ‘ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಹಾಕಿಕೊಳ್ಳಬೇಡಿ’ ಎಂಬ ಮಾತನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕೆಂದು ತಮ್ಮನ್ನು ಕೋರುತ್ತೇನೆ. ಫೋನ್ ತಂದವರಿಗೆ ಯಾವ ಆ್ಯಪ್‌ಗೆ ಯಾವ ಅನುಮತಿ ಕೊಟ್ಟಿದ್ದಾರೆಂದು ತೋರಿಸಿ, ಬೇಡದ್ದನ್ನು ತೆಗೆಸಿಕೊಡುವಂತೆ ಗ್ರಾಮ ಒನ್ ಕೇಂದ್ರದವರಿಗೂ ತಾವು ತಿಳಿಸಬೇಕು. ಅದು ಹತ್ತು ನಿಮಿಷದ ಕೆಲಸ.

ನಮ್ಮೂರ ಡೈರಿಯ ಗೋಡೆಗೆ ಬೇಕಾದ ಬಣ್ಣವನ್ನು ನಾವೇ ತರುತ್ತೇವೆ. ತಮ್ಮ ಆದೇಶದ ಒಂದು ಪ್ರತಿಯು ಸಂಘದ ಕಾರ್ಯದರ್ಶಿಯವರ ಕೈ ಸೇರಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಮದ್ದೂರು ತಾಲ್ಲೂಕಿನ ಒಬ್ಬ ಹಾಲು ಉತ್ಪಾದಕ