ಪಂಚಮಿ ಹಬ್ಬದಿಂದ ನಮ್ಮ ತಿಂಡಿಗಳಲ್ಲಿ ಆಗಲಿರುವ ಬದಲಾವಣೆ

ಕೊಪ್ಪಳ

ಮಾನ್ಯ ಗ್ರಾಹಕರೇ,

ನಮಸ್ಕಾರ. ಈ ಸಲದ ನಾಗರ ಪಂಚಮಿಯ ತಯಾರಿಯಿಂದಲೇ ನಮ್ಮ ಮನೆ ಅಡುಗೆಯ ಉಂಡಿ, ಕರ್ಚಿಕಾಯಿ, ಶಂಕರಪೋಳಿ ಮತ್ತು ಸಜ್ಜೆ ರೊಟ್ಟಿಗಳಿಗೆ ಬಳಸುವ ಸಾಮಗ್ರಿಗಳಲ್ಲಿ ಕೆಲವನ್ನು ಬದಲಾಯಿಸುತ್ತಿದ್ದೇವೆ. ಬಣ್ಣ, ರುಚಿ, ಬಾಳಿಕೆ, ಬೆಲೆ ಎಲ್ಲದರಲ್ಲೂ ತಮಗೆ ವ್ಯತ್ಯಾಸ ಕಾಣಲಿರುವುದರಿಂದ, ಡಬ್ಬಿ ತೆರೆದ ಮೇಲೆ ಕೇಳುವಂತಾಗುವ ಬದಲು ಮೊದಲೇ ತಿಳಿಸುವುದು ಸರಿಯೆಂದು ಈ ಪತ್ರ ಬರೆಯುತ್ತಿದ್ದೇವೆ.

ವನಸ್ಪತಿಯನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇವೆ. ಎಣ್ಣೆ ಮತ್ತು ಕೊಬ್ಬಿನ ಪದಾರ್ಥಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ದೇಶದಲ್ಲಿ ಜಾರಿಯಲ್ಲಿದ್ದು, ಅದನ್ನು ಪಾಲಿಸುವ ವನಸ್ಪತಿ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಆದರೂ ತಿಂದ ಮೇಲೆ ಅಂಗುಳಿಗೆ ಅಂಟುವ ಅದರ ಜಿಡ್ಡು ನಮಗೆ ಒಪ್ಪಿಗೆಯಾಗಲಿಲ್ಲ. ಇನ್ನು ಮುಂದೆ ಶಂಕರಪೋಳಿಯ ಹಿಟ್ಟಿಗೆ ಕಾಯಿಸಿದ ತುಪ್ಪ ಹಾಕಿ, ಕರಿಯುವುದಕ್ಕೆ ಗಾಣದ ಶೇಂಗಾ ಎಣ್ಣೆಯನ್ನು ಬಳಸುತ್ತೇವೆ. ವನಸ್ಪತಿ ಕೊಡುತ್ತಿದ್ದ ಪದರು ಪದರಾದ ಗರಿಗರಿ ಸ್ವಲ್ಪ ತಗ್ಗುತ್ತದೆ, ಶೇಂಗಾದ ವಾಸನೆ ಎದ್ದು ಕಾಣುತ್ತದೆ. ಶೇಂಗಾ ಒಗ್ಗದವರು ಮನೆಯಲ್ಲಿದ್ದರೆ ನಮ್ಮ ಕರಿದ ತಿಂಡಿಗಳಲ್ಲಿ ಯಾವುದನ್ನೂ ಅವರಿಗೆ ಕೊಡಬಾರದೆಂದು ವಿನಂತಿಸುತ್ತೇವೆ.

ಎರಡನೆಯದು ಬೆಲ್ಲ. ರವೆ ಉಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಉಂಡಿಗಳಿಗೂ ಇನ್ನು ಕಪ್ಪು ಬೆಲ್ಲವೇ. ಆಲೆಮನೆಗಳಲ್ಲಿ ಬೆಲ್ಲಕ್ಕೆ ತಿಳಿ ಹಳದಿ ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವ ರೂಢಿಯಿದೆ. ಹಳದಿ ಬೆಲ್ಲವೆಲ್ಲವೂ ಹಾಗೆಯೇ ಎಂದು ನಾವು ಹೇಳುತ್ತಿಲ್ಲ, ಆದರೆ ಕಣ್ಣಿನಿಂದ ನೋಡಿ ಗುರುತಿಸುವುದು ಕಷ್ಟವಾದ್ದರಿಂದ ಹೈಡ್ರೋಸ್ ಹಾಕದವರಿಂದಲೇ ನೇರವಾಗಿ ತರಿಸಿಕೊಳ್ಳುತ್ತಿದ್ದೇವೆ. ಈ ಬೆಲ್ಲದ ಶೇಂಗಾ ಉಂಡಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದು ಸೀದದ್ದಲ್ಲ. ಪಾಕದ ಹದವೂ ಇಲ್ಲಿ ಬೇರೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟಾಗ ಅದು ಹರಡದೆ ನಿಂತು, ಬೆರಳಲ್ಲಿ ಉರುಳಿಸಿದರೆ ಮೆತ್ತನೆಯ ಗುಂಡಾಗಬೇಕು. ಆ ಕ್ಷಣಕ್ಕೆ ಒಲೆಯಿಂದ ಇಳಿಸಿದರೆ ಉಂಡಿ ಹಲ್ಲಿಗೆ ಹಗುರ, ತಟ್ಟೆಗೆ ಬಿದ್ದು ಟಣ್ ಎನ್ನುವವರೆಗೆ ಬಿಟ್ಟರೆ ಹಿರಿಯರು ಅದನ್ನು ಮುಟ್ಟುವುದಿಲ್ಲ. ಮಳೆಗಾಲದ ಗಾಳಿಯ ತೇವವನ್ನು ಬೆಲ್ಲ ಬೇಗ ಹೀರಿಕೊಳ್ಳುವುದರಿಂದ ಶ್ರಾವಣದಲ್ಲಿ ಉಂಡಿಗಳನ್ನು ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಟ್ಟು, ಒದ್ದೆ ಕೈ ತಾಗಿಸದೆ, ಹದಿನೈದು ದಿನಗಳ ಒಳಗೆ ಮುಗಿಸಬೇಕು. ಬೆಲ್ಲದ್ದೆಂಬ ಕಾರಣಕ್ಕೆ ಮಧುಮೇಹ ಇರುವವರು ಧಾರಾಳವಾಗಿ ತಿನ್ನಬಹುದೆಂದು ಮಾತ್ರ ದಯವಿಟ್ಟು ಭಾವಿಸಬೇಡಿ. ರಕ್ತದ ಸಕ್ಕರೆಯ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವ ಅಂತರವಿಲ್ಲ.

ಇನ್ನು ಧಾನ್ಯಗಳ ವಿಚಾರ. ನಮ್ಮ ಜಿಲ್ಲೆಯಲ್ಲಿ ತುಂಗಭದ್ರೆಯ ಕಾಲುವೆ ನೀರು ಹರಿಯುವ ಗಂಗಾವತಿ, ಕಾರಟಗಿಯ ಕಡೆ ಭತ್ತವಾದರೆ, ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಸಜ್ಜೆ ಬೆಳೆಯುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪೇಟೆಯಲ್ಲಿ ಇವುಗಳಿಗೆ ಬಣ್ಣದ ಪೊಟ್ಟಣಗಳು ಬಂದವು. ನಮ್ಮ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಅದಕ್ಕಾಗಿ ಯಾರೂ ಕಾದಿರಲಿಲ್ಲವೆಂಬುದು ತಮಗೂ ಗೊತ್ತಿರುವ ಮಾತು. ಇದುವರೆಗೆ ಬೀಸಿದ ಹಿಟ್ಟನ್ನು ಖರೀದಿಸುತ್ತಿದ್ದ ನಾವು ಇನ್ನು ಕಾಳನ್ನೇ ತಂದು, ರೊಟ್ಟಿ ಬಡಿಯುವ ಹಿಂದಿನ ದಿನ ಗಿರಣಿಗೆ ಹಾಕಿಸುತ್ತೇವೆ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಹಿಟ್ಟು ಕೆಲವೇ ದಿನಗಳಲ್ಲಿ ಕಮಟಾಗಿ ಕಹಿಯೇರುತ್ತದೆ. ಅಂಗಡಿ ಹಿಟ್ಟಿನ ರೊಟ್ಟಿ ಗಂಟಲಲ್ಲಿ ಕಹಿ ಉಳಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹೀಗಾಗಿ ಸಜ್ಜೆ ರೊಟ್ಟಿ ಇನ್ನು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ ಮಾತ್ರ ಸಿಗುತ್ತದೆ. ಜೋಳದ ರೊಟ್ಟಿ ಎಂದಿನಂತೆ ದಿನವೂ ಇರುತ್ತದೆ.

ಹೊಸದಾಗಿ ಎರಡು ಸಿಹಿಗಳು ಸೇರುತ್ತಿವೆ. ನವಣೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ತರಿತರಿಯಾಗಿ ಬೀಸಿ, ಒಣಕೊಬ್ಬರಿ, ಏಲಕ್ಕಿ, ತುಪ್ಪ ಮತ್ತು ಬೆಲ್ಲದ ಪುಡಿ ಬೆರೆಸಿ ಕಟ್ಟುವ ನವಣೆ ಉಂಡಿ ಒಂದು. ಇದಕ್ಕೆ ಪಾಕವಿಲ್ಲ, ಬರೀ ತುಪ್ಪದ ಬಿಸಿಗೆ ಉಂಡಿ ನಿಲ್ಲಬೇಕಾದ್ದರಿಂದ ದೂರದ ಊರಿಗೆ ಬಸ್ಸಿನಲ್ಲಿ ಕಳುಹಿಸಿದರೆ ಒಂದೆರಡು ಒಡೆಯುವ ಸಂಭವವಿದೆ. ಇನ್ನೊಂದು, ಬಳ್ಳಾರಿ ಕಡೆಯ ಒಣ ಅಂಜೂರವನ್ನು ಹುರಿದ ಬಿಳಿ ಎಳ್ಳಿನೊಂದಿಗೆ ಅರೆದು ಮಾಡುವ ಬರ್ಫಿ. ಇದಕ್ಕೆ ಬೆಲ್ಲವನ್ನೂ ಸಕ್ಕರೆಯನ್ನೂ ಹಾಕುವುದಿಲ್ಲ, ಹಣ್ಣಿನ ಸಿಹಿಯೇ ಸಾಕು. ನಮ್ಮಲ್ಲಿ ಕೆಲವರಿಗೆ ನವಣೆಗಿಂತ ಇದೇ ಹೆಚ್ಚು ಇಷ್ಟವಾಗಿದೆ, ಮಕ್ಕಳ ಮತ ಮಾತ್ರ ಇನ್ನೂ ಶೇಂಗಾ ಉಂಡಿಗೇ.

ಶೇಂಗಾ ಹೋಳಿಗೆ, ಅಗಸಿ ಮತ್ತು ಗುರೆಳ್ಳು ಚಟ್ನಿ ಪುಡಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ ಇವುಗಳಲ್ಲಿ ಯಾವ ಬದಲಾವಣೆಯೂ ಇಲ್ಲ.

ಬೆಲೆ ಏರುತ್ತದೆ. ಒಂದು ಲೀಟರ್ ಗಾಣದ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಶೇಂಗಾ ಕಾಳು ಬೇಕಾಗುವುದರಿಂದ, ಅದನ್ನು ತಾಳೆ ಎಣ್ಣೆಯ ದರಕ್ಕೆ ಹೊಂದಿಸುವುದು ನಮ್ಮಿಂದಾಗದ ಕೆಲಸ. ಹೊಸ ದರಪಟ್ಟಿಯನ್ನು ಈ ಪತ್ರದ ಜೊತೆಗೆ ಇಟ್ಟಿದ್ದೇವೆ. ರುಚಿ ನೋಡಿ ನಿರ್ಧರಿಸಲು ಅನುಕೂಲವಾಗಲೆಂದು ಅರ್ಧ ಕಿಲೋ ಪೊಟ್ಟಣದ ಜೊತೆಗೆ ಕಾಲು ಕಿಲೋ ಪೊಟ್ಟಣವನ್ನೂ ಆರಂಭಿಸಿದ್ದೇವೆ. ಮುಂಗಡ ಹಣ ಕೊಟ್ಟಿರುವವರಿಗೆ ಈ ಹಬ್ಬಕ್ಕೆ ಹಳೆಯ ದರವೇ ಅನ್ವಯಿಸುತ್ತದೆ.

ಪಂಚಮಿಯ ಬೇಡಿಕೆಗಳನ್ನು ನಾಗರ ಅಮಾವಾಸ್ಯೆಗೆ ಒಂದು ವಾರ ಮುಂಚಿತವಾಗಿ ತಿಳಿಸಬೇಕು. ಮನೆಯಿಂದಲೇ ಡಬ್ಬಿ ತರುವವರು ಅದನ್ನು ಬಿಸಿಲಿಗೆ ಒಣಗಿಸಿ, ಮುಚ್ಚಳದ ಮೇಲೆ ಹೆಸರು ಬರೆದು ಹಿಂದಿನ ದಿನ ಸಂಜೆಯೊಳಗೆ ತಲುಪಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಅಡುಗೆಮನೆಯ ಎಲ್ಲರ ಪರವಾಗಿ