ಹಳೆ ಕಾರು: ಮ್ಯಾಟ್ ಎತ್ತಿ ನೋಡದೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಆದರೂ ನಮ್ಮ ಕರಾವಳಿ ಕಡೆ ಅದನ್ನು ಬಿಡದೆ ಓಡಿಸುವವರು ತುಂಬ ಜನ ಇದ್ದಾರೆ, ನಾನೂ ಒಬ್ಬ. ಇಂಜಿನ್ ಗಟ್ಟಿ ಇದೆ, ಖರ್ಚು ಕಡಿಮೆ, ಸುಮ್ನೆ ಯಾಕೆ ಮಾರಬೇಕು ಅಲ್ವಾ? ಆದರೆ ಈ ಕಾರುಗಳ ಫ್ಲೋರ್, ಅಂದರೆ ಕಾಲಡಿಯ ತಗಡಿನ ರಿಪೇರಿ ನಡೆಯುತ್ತಿರುವ ರೀತಿ ನೋಡಿದರೆ ಹೆದರಿಕೆಯಾಗುತ್ತದೆ.

ನಮ್ಮ ಕಾರಿಗೆ ಹಿಂದೆ ಒಂದು ಗ್ಯಾರೇಜಿನಲ್ಲಿ ಫ್ಲೋರ್ ಕೆಲಸ ಆಗಿತ್ತು. ಈ ಮಳೆಗಾಲದಲ್ಲಿ ಡ್ರೈವರ್ ಸೀಟು ಬಿಚ್ಚಿಸಿ ನೋಡಿದರೆ, ತುಕ್ಕು ಹಿಡಿದ ಹಳೆ ತಗಡು ಹಾಗೇ ಇದೆ. ಅದರ ಮೇಲೆ ತೆಳು ಶೀಟ್ ಇಟ್ಟು ರಿವೆಟ್ ಹೊಡೆದು, ಡಾಂಬರು ಬಳಿದಿದ್ದಾರೆ. ಸೀಟಿನ ಬೋಲ್ಟ್ ಪಕ್ಕ ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಕೆಳಗೆ ಇಳಿಯಿತು. ಎರಡು ತಗಡಿನ ನಡುವೆ ಒದ್ದೆ ಮಣ್ಣು, ಹೆಕ್ಕಳೆ ಹೆಕ್ಕಳೆಯಾಗಿ ಎದ್ದ ತುಕ್ಕು.

ಜೀಪಿನ ಹಾಗೆ ಈ ಕಾರಿಗೆ ಬೇರೆ ಛಾಸಿ (ಅಡಿಯ ಚೌಕಟ್ಟು) ಇಲ್ಲ. ಬಾಡಿಯೇ ಛಾಸಿ, ಫ್ಲೋರ್ ಅದರದ್ದೇ ಭಾಗ. ಸೀಟು ನಿಂತಿರುವುದು ಅದರ ಮೇಲೆ, ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹೋಗುವುದು ಅದರ ಅಡಿಯಲ್ಲಿ. ಡಿಕ್ಕಿಯಾದರೆ ಸೀಟೇ ಕಿತ್ತು ಬಂದೀತು.

ಸರಿಯಾದ ಕೆಲಸಕ್ಕೆ ಸಮಯ ಹಿಡಿಯುತ್ತದೆ, ನಿಜ. ಸೀಟು, ಮ್ಯಾಟ್, ಅದರಡಿಯ ಸ್ಪಂಜು ಎಲ್ಲ ತೆಗೆದು, ಬ್ಯಾಟರಿ ವೈರ್ ಕಳಚಿ, ಪೆಟ್ರೋಲ್ ಪೈಪಿಗೆ ಬೆಂಕಿ ತಾಗದಂತೆ ಸರಿಸಿಟ್ಟು, ತುಕ್ಕು ಹಿಡಿದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಬೇಕು. ಅದೇ ದಪ್ಪದ ಹೊಸ ಶೀಟ್ ಕೂರಿಸಿ ವೆಲ್ಡ್ ಮಾಡಬೇಕು. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತಗಡು ಸೊಟ್ಟಗಾಗುವುದು ಜಾಸ್ತಿ, ಕರೆಂಟಿನಲ್ಲಿ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಒಳ್ಳೆಯದು, ಅದೂ ಒಂದೇ ಉದ್ದಕ್ಕೆ ಎಳೆಯದೆ ಬಿಟ್ಟು ಬಿಟ್ಟು. ಆಮೇಲೆ ಪ್ರೈಮರ್, ಜಾಯಿಂಟಿಗೆ ಸೀಲರ್, ಕೊನೆಗೆ ಅಡಿಭಾಗಕ್ಕೆ ಕೋಟಿಂಗ್. ತುಕ್ಕಿನ ಮೇಲೇ ಕೋಟಿಂಗ್ ಹೊಡೆದರೆ ನೀರು ಒಳಗೇ ಉಳಿದು ತುಕ್ಕು ಮುಂದುವರಿಯುತ್ತದೆ.

ನೀರು ಎಲ್ಲಿಂದ ಬಂತು ಅಂತ ನೋಡದಿದ್ದರೂ ಅಷ್ಟೇ. ಮುಂದಿನ ಗಾಜಿನ ರಬ್ಬರ್, ಬಾಗಿಲ ಬೀಡಿಂಗ್, ಕಟ್ಟಿಕೊಂಡ ಎಸಿ ನೀರು ಹೊರಹೋಗುವ ಪೈಪು, ಇವನ್ನು ಸರಿ ಮಾಡದಿದ್ದರೆ ಹೊಸ ತಗಡೂ ಹಾಳಾಗುತ್ತದೆ. ನಮ್ಮ ಮಳೆ, ಸಮುದ್ರದ ಉಪ್ಪುಗಾಳಿ ಎರಡೂ ಸೇರಿದರೆ ಕೇಳಬೇಕೇ?

ಸಾರಿಗೆ ಇಲಾಖೆಗೆ ನನ್ನ ಕೋರಿಕೆ ಇದು. 15 ವರ್ಷ ಆದ ಕಾರು ಮರುನೋಂದಣಿಗೆ ಬಂದಾಗ, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಬಂದಾಗಲೂ, ಮ್ಯಾಟ್ ಎತ್ತಿಸಿ, ರ‍್ಯಾಂಪ್ ಮೇಲೆ ಹತ್ತಿಸಿ ಫ್ಲೋರ್ ನೋಡಿ. ಹೊಗೆ, ಲೈಟು, ಹಾರ್ನ್ ನೋಡಿದರೆ ಸಾಲದು. ಕಾರಿನವರೂ ಟಿಂಕರಿಂಗ್ (ತಗಡಿನ ಕೆಲಸ) ಮಾಡುವವರ ಹತ್ತಿರ ಕೂಲಿಗೆ ಚೌಕಾಸಿ ಮಾಡುವ ಬದಲು, ಕತ್ತರಿಸಿದ ಹಳೆ ತಗಡನ್ನು ತೋರಿಸಿ ಅಂತ ಕೇಳಿ, ಕೋಟಿಂಗ್ ಹೊಡೆಯುವ ಮೊದಲೇ ಹೋಗಿ ವೆಲ್ಡಿಂಗ್ ನೋಡಿ ಬನ್ನಿ.

– ಓದುಗ, ಉಡುಪಿ