ರಫೀಕ್‌ನನ್ನು ಬಿಟ್ಟೇ ಹೊರಡಲಿ

ಅಬುಧಾಬಿ
ಆಟಿ ತಿಂಗಳು

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದ. ಅಪ್ಪ ಅಮ್ಮನಿಗೆ ನಮಸ್ಕಾರ. ಇತ್ತ ನಾನು ಕ್ಷೇಮ.

ಚಂದ್ರನ ಮೇಲಿನ ನೆಲೆಯಲ್ಲಿ ಸಿಕ್ಕಿಹಾಕಿಕೊಂಡ ಗೆಳೆಯ ರಫೀಕ್‌ನನ್ನು ಬಿಟ್ಟು ನಳಿನಿ ರಾಕೆಟ್ಟು ಹತ್ತುವ ನಿನ್ನ ಕಥೆ ಪೂರ್ತಿ ಓದಿದೆ. ಎರಡು ಸಲ ಓದಿದೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮುಖ್ಯವಾದದ್ದನ್ನೇ ಮರೆಯುತ್ತೇನೆ. ಅದಕ್ಕೇ ಈ ಪತ್ರ. ನಮ್ಮ ರೂಮಿನ ಉಪ್ಪಳದ ಹುಡುಗ ಶನಿವಾರ ಊರಿಗೆ ಹೊರಟಿದ್ದಾನೆ. ಖರ್ಜೂರದ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಕಾನೂನು. ಆ ಹೊತ್ತಿನಲ್ಲಿ ಎಲ್ಲರೂ ಮಲಗುತ್ತಾರೆ, ನಾನು ಬರೆಯುತ್ತಿದ್ದೇನೆ.

ಮನೆಯಲ್ಲಿ ನಿನ್ನ ಕಥೆಗೆ ದೊಡ್ಡ ಚರ್ಚೆಯೇ ನಡೆದಿದೆಯಂತೆ. ಅಪ್ಪ ಹೇಳಿದ್ದು ಒಂದೇ ಮಾತು: "ಚಂದ್ರನ ಮೇಲೆ ಮನೆ ಕಟ್ಟುವವರಿಗೆ ಹಿಂಬಾಗಿಲು ಇಡಲು ಗೊತ್ತಿಲ್ಲವಾ?" ಅಮ್ಮನದ್ದು ಬೇರೆ ತಕರಾರು. "ಧರ್ಮರಾಯ ನಾಯಿಯನ್ನೂ ಬಿಟ್ಟು ಸ್ವರ್ಗಕ್ಕೆ ಹೋಗಲಿಲ್ಲ, ಇವಳು ಗೆಳೆಯನನ್ನು ಬಿಟ್ಟು ಬರುತ್ತಾಳಲ್ಲ" ಅಂತ. ನಳಿನಿ ವಾಪಸ್ ಹೋಗಿ ರಫೀಕ್‌ನನ್ನು ಕರೆದುಕೊಂಡು ಬರುವ ಹಾಗೆ ಬದಲಿಸಲು ನಿನಗೆ ಹೇಳಿದ್ದಾಳೆ, ಅಲ್ವಾ?

ಬದಲಿಸಬೇಡ. ಬಿಟ್ಟೇ ಹೊರಡಲಿ. ಆದರೆ ನೀನು ಬಿಡಿಸಿದ ರೀತಿ ನನಗೆ ಒಪ್ಪಿಗೆಯಾಗಲಿಲ್ಲ.

ನೋಡು, ನಿನ್ನ ಕಥೆಯಲ್ಲಿ ಏನೇನಿದೆ? ಹತ್ತು ನಿಮಿಷದಲ್ಲಿ ಸಿಡಿಯುವ ಬಾಂಬು. ಬಾಗಿಲು ಜಡಿದು ನಗುವ ಕಂಪನಿಯ ಖಳನಾಯಕ. ಬಂಡೆಯ ಕೆಳಗೆ ಸಿಕ್ಕಿಕೊಂಡ ರಫೀಕ್‌ನ ಕಾಲು. ಕೊನೆಗೆ ಅವನೇ "ನೀವು ಹೋಗಿ, ನನ್ನ ಚಿಂತೆ ಬೇಡ" ಅನ್ನುತ್ತಾನೆ. ರಾಕೆಟ್ಟು ಏಳುವ ಹೊತ್ತಿಗೆ ಸರಿಯಾಗಿ ಸಾಯುತ್ತಾನೆ. ಪಾಪ, ಎಲ್ಲರಿಗೂ ಎಷ್ಟು ಅನುಕೂಲ ಮಾಡಿಕೊಟ್ಟ! ನಳಿನಿ ಏನನ್ನೂ ತೀರ್ಮಾನ ಮಾಡಲೇ ಇಲ್ಲ. ಬಾಂಬು ಮಾಡಿತು, ಖಳನಾಯಕ ಮಾಡಿದ, ಉಳಿದದ್ದನ್ನು ರಫೀಕ್ ಮಾಡಿದ. ಅವಳು ಸುಮ್ನೆ ಅತ್ತಳು.

ಇವೆಲ್ಲ ಏನೂ ಬೇಡ. ಒಂದು ಬಾಗಿಲು ಸಾಕು.

ಗಾಳಿಗೆ ಎಷ್ಟು ಒತ್ತಡ ಇದೆ ಅಂತ ನಮಗೆ ಗೊತ್ತಾಗುವುದಿಲ್ಲ, ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುತ್ತದೆ. ಒಂದು ಬದಿ ಗಾಳಿ, ಇನ್ನೊಂದು ಬದಿ ಖಾಲಿ ಆದರೆ ಒಂದು ಚದರ ಮೀಟರಿಗೆ ಸುಮಾರು 10 ಟನ್ ಭಾರ ಬೀಳುತ್ತದೆ. ರಫೀಕ್‌ನ ಕೋಣೆಯಲ್ಲಿ ಗಾಳಿ ಇದೆ. ಈಚೆ ಸುರಂಗದ ಗೋಡೆ ಬಿರಿದು ಗಾಳಿಯೆಲ್ಲ ಹೋಗಿದೆ. ಬಾಗಿಲು ಅವನ ಕಡೆಗೆ ತೆರೆಯುವಂಥದ್ದು. ಅಂದರೆ ಅವನು ಉಸಿರಾಡುತ್ತಿರುವ ಗಾಳಿಯೇ ಆ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದಿದೆ. ನೀನು ಬರೆದ ಹಾಗೆ ಇಬ್ಬರು ಸೇರಿ ಎಳೆದರೆ ಅಲ್ಲಾಡುವುದಿಲ್ಲ ಮಗಾ, ಇನ್ನೂರು ಜನ ಬಂದರೂ ಕಷ್ಟ.

ಇದು ಕಲ್ಪನೆಯೂ ಅಲ್ಲ. 1967ರ ಜನವರಿ 27ರಂದು ಅಪೋಲೋ 1ರಲ್ಲಿ ನೆಲದ ಮೇಲೆ ಪರೀಕ್ಷೆ ನಡೆಯುತ್ತಿದ್ದಾಗ ಬೆಂಕಿ ಹತ್ತಿಕೊಂಡಿತು. ಅದರ ಬಾಗಿಲೂ ಒಳಕ್ಕೆ ತೆರೆಯುವಂಥದ್ದು. ಒಳಗಿನ ಒತ್ತಡ ಏರಿ, ಮೂವರು ಗಗನಯಾತ್ರಿಗಳಿಗೆ ಅದನ್ನು ತೆರೆಯಲು ಆಗಲೇ ಇಲ್ಲ. ಹೊರಗೆ ಕೈಯಳತೆಯಲ್ಲಿ ಜನ ಇದ್ದರು. ಆಮೇಲೆ ನಾಸಾ ಹೊರಕ್ಕೆ ತೆರೆಯುವ ಬಾಗಿಲು ಮಾಡಿತು.

ರಫೀಕ್ ಗಾಳಿಯನ್ನು ಹೊರಬಿಟ್ಟರೆ ಬಾಗಿಲು ತೆರೆಯುತ್ತದೆ. ಆದರೆ ಅವನ ಸೂಟು ಈಚೆ ಬದಿ ಗೂಟಕ್ಕೆ ನೇತಾಡುತ್ತಿದೆ. ಆಚೆ ಕೊಡಲು ದಾರಿ ಇಲ್ಲ. ಉಸಿರು ಬಿಗಿಹಿಡಿದು ಓಡಿ ಬರಬಾರದಾ ಅಂತ ಯಾರಾದರೂ ಕೇಳಿಯಾರು. ಬಿಗಿಹಿಡಿದರೆ ಶ್ವಾಸಕೋಶವೇ ಹರಿದೀತು. 1966ರಲ್ಲಿ ನಾಸಾದ ನಿರ್ವಾತ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಿದ್ದವನೊಬ್ಬನ ಸೂಟಿನ ಕೊಳವೆ ಕಳಚಿಕೊಂಡಿತು. ಸುಮಾರು 14 ಸೆಕೆಂಡಿಗೆ ಅವನಿಗೆ ಪ್ರಜ್ಞೆ ತಪ್ಪಿತು. ನಾಲಿಗೆಯ ಮೇಲೆ ಎಂಜಲು ಕುದಿಯುತ್ತಿದ್ದದ್ದು ತನಗೆ ಕೊನೆಗೆ ನೆನಪಿರುವುದು ಅಂತ ಆಮೇಲೆ ಹೇಳಿದ. ಬೇಗ ಗಾಳಿ ತುಂಬಿದ್ದರಿಂದ ಬದುಕಿಕೊಂಡ. ನಿನ್ನ ಕಥೆಯಲ್ಲಿ ರಾಕೆಟ್ಟು ಒಂದು ಕಿಲೋಮೀಟರ್ ದೂರ ಇದೆ.

ಹಾಗಾಗಿ ಬಂಡೆ ತೆಗೆ. ಅವನ ಕಾಲು ಸರಿ ಮಾಡು. ರಫೀಕ್ ಗಟ್ಟಿಮುಟ್ಟಾಗಿರಲಿ, ಗಾಜಿನ ಕಿಂಡಿಯಲ್ಲಿ ಮುಖ ಕಾಣಲಿ, ರೇಡಿಯೋದಲ್ಲಿ ಮಾತಾಡಲಿ. ಆಗ ಬಿಟ್ಟು ಹೊರಡಲಿ ನೋಡೋಣ ನಳಿನಿ.

ಹೊರಡುವ ಅವಸರಕ್ಕೆ ಬಾಂಬು ಬೇಕಾಗಿಲ್ಲ, ಸೂರ್ಯ ಮುಳುಗಿದರೆ ಸಾಕು. ಚಂದ್ರನಲ್ಲಿ ರಾತ್ರಿ ಅಂದರೆ ನಮ್ಮ 14 ದಿನ. ನಮ್ಮ ವಿಕ್ರಮ್ 2023ರ ಆಗಸ್ಟ್ 23ಕ್ಕೆ ಇಳಿಯಿತಲ್ಲ, ಆ ಹಗಲು ಮುಗಿಯುವ ಮೊದಲು ಅದನ್ನು ಮಲಗಿಸಿದರು. ರಾತ್ರಿ ಕಳೆದ ಮೇಲೆ ಎಬ್ಬಿಸಲು ನೋಡಿದರೆ ಏಳಲಿಲ್ಲ. ನಳಿನಿಯ ರಾಕೆಟ್ಟಿನ ಬ್ಯಾಟರಿಯೂ ಅಷ್ಟೇ ಅಂತ ಇಟ್ಟುಕೋ. ಇನ್ನು ಕೆಲವು ಗಂಟೆಯಲ್ಲಿ ಕತ್ತಲೆ. ಹೊರಟರೆ ಮೂವರು ಉಳಿಯುತ್ತಾರೆ, ನಿಂತರೆ ನಾಲ್ವರೂ ಇಲ್ಲ. ಅವರ ಸೂಟಿನಲ್ಲಿ ಗಾಳಿ ಎಂಟು ಗಂಟೆಗೆ ಮಾತ್ರ.

ನೆಲೆಯನ್ನು ಲಾವಾ ಕೊಳವೆಯೊಳಗೆ, ಅಂದರೆ ಹಿಂದೆ ಲಾವಾ ಹರಿದು ಖಾಲಿಯಾದ ಸುರಂಗದೊಳಗೆ, ಇಟ್ಟದ್ದು ತುಂಬಾ ಇಷ್ಟವಾಯಿತು. ನೀರಿಗಾಗಿ ಗುಡ್ಡಕ್ಕೆ ತೋಡಿದ ನಮ್ಮ ತೋಟದ ಮೇಲಿನ ಸುರಂಗವನ್ನೇ ಚಂದ್ರನಿಗೆ ಸಾಗಿಸಿದ್ದೀಯ, ಗೊತ್ತಾಗದಿರುತ್ತದಾ? ಆದರೆ ಅಳತೆಯನ್ನು ಅಲ್ಲಿಂದ ತೆಗೆದುಕೊಳ್ಳಬೇಡ. ನಮ್ಮ ಸುರಂಗದೊಳಗೆ ಒಬ್ಬ ಹೋದರೆ ಎದುರಿನವ ದಾಟಲು ಜಾಗ ಇಲ್ಲ. ಅಲ್ಲಿಯವು ಬಸ್ಸು ತಿರುಗಿಸುವಷ್ಟು ದೊಡ್ಡವು ಇರಬಹುದು. 2009ರಲ್ಲಿ ಜಪಾನಿನ ಕಗುಯಾ ನೌಕೆ ಕಳಿಸಿದ ಚಿತ್ರಗಳಲ್ಲಿ ಅಂಥದ್ದಕ್ಕೆ ಇಳಿಯುವ ಬಾಯಿಯ ಹಾಗಿರುವ ಗುಂಡಿ ಮೊದಲು ಸಿಕ್ಕಿತು. ಆರ್ಮ್‌ಸ್ಟ್ರಾಂಗ್ ಇಳಿದ ಬಯಲಿನಲ್ಲೂ ಒಂದು ಗುಂಡಿ ಇದೆ, ಅದರ ನೆರಳಿನ ಭಾಗದಲ್ಲಿ ಸುಮಾರು 17 ಡಿಗ್ರಿ ಇರುತ್ತದೆ ಅಂತ 2022ರಲ್ಲಿ ಲೆಕ್ಕ ಹಾಕಿದ್ದಾರೆ. ಹೊರಗೆ ಹಗಲು ಕೆಂಡ, ರಾತ್ರಿ ಹೆಪ್ಪುಗಟ್ಟುವ ಚಳಿ. ಒಳಗೆ ರಫೀಕ್ ಒಂದು ಸ್ವೆಟರಿನಲ್ಲಿ ಆರಾಮವಾಗಿ ಇರಬಹುದು. ಇದು ಇನ್ನೂ ಕಷ್ಟ, ಅಲ್ವಾ?

ಅವನನ್ನು ಕೊಲ್ಲುವುದು ಚಳಿಯಲ್ಲ, ಅವನದ್ದೇ ಉಸಿರು. ನಾನು ಕೂತು ಲೆಕ್ಕ ಹಾಕಿದೆ. ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಕೋಣೆ 50 ಘನ ಮೀಟರ್ ಅಂದುಕೊಂಡರೆ, ಗಾಳಿ ಶುದ್ಧ ಮಾಡುವ ಯಂತ್ರ ನಿಂತಿದ್ದರೆ, ನಾಲ್ಕೈದು ದಿನಕ್ಕೆ ಅದು ನೂರಕ್ಕೆ 5 ಭಾಗ ಆಗುತ್ತದೆ. ತಲೆ ಸಿಡಿಯುತ್ತದೆ, ಕೂತಲ್ಲೇ ಏದುಸಿರು ಬರುತ್ತದೆ. ಆಮ್ಲಜನಕ ಮುಗಿಯುವ ಮೊದಲೇ ಇದು ಮುಗಿಸುತ್ತದೆ. ಸುರಂಗ ತೋಡುವವರು ಮೇಣದಬತ್ತಿ ಇಟ್ಟುಕೊಂಡು ಒಳಗೆ ಹೋಗುತ್ತಾರಲ್ಲ, ಬತ್ತಿ ಮಂಕಾದರೆ ಹೊರಗೆ ಬರುತ್ತಾರಲ್ಲ, ಅದನ್ನು ರಫೀಕ್‌ನಿಗೆ ನೆನಪು ಮಾಡಿಸು. ಹೊರಗೆ ಬರುವ ದಾರಿ ಅವನಿಗಿಲ್ಲ ಅಷ್ಟೇ. ಇನ್ನೊಂದು ಲೆಕ್ಕ ಹೇಳುತ್ತೇನೆ ಕೇಳು: ಅಪೋಲೋ 11 ಜುಲೈ 16ಕ್ಕೆ ಹೊರಟು 20ಕ್ಕೆ ಇಳಿಯಿತು. ಭೂಮಿಯಿಂದ ಅಲ್ಲಿಗೆ ನಾಲ್ಕು ದಿನ. ರಫೀಕ್‌ನ ಗಾಳಿಯೂ ನಾಲ್ಕೈದು ದಿನ. ರಾಕೆಟ್ಟು ಸಿದ್ಧವಾಗಿ ನಿಂತಿದ್ದರೆ!

ಈಗ ನನ್ನ ಕೆಲಸದ ವಿಷಯ. ನಾನಿಲ್ಲಿ ಏನು ಮಾಡುತ್ತೇನೆ ಅಂತ ನಿಮಗೆ ಸರಿಯಾಗಿ ಹೇಳಿಲ್ಲ, ಅಮ್ಮ ಹೆದರುತ್ತಾಳೆ ಅಂತ. ಹಡಗು ರಿಪೇರಿ ಯಾರ್ಡಿನಲ್ಲಿ ನನ್ನದು ಹೋಲ್ ವಾಚ್. ಹಡಗಿನ ಹೊಟ್ಟೆಯೊಳಗಿನ ಟ್ಯಾಂಕಿಗೆ ಕೆಲಸದವರು ಇಳಿಯುತ್ತಾರೆ. ನಾನು ಮ್ಯಾನ್‌ಹೋಲಿನ ಬಾಯಲ್ಲಿ ನಿಲ್ಲುತ್ತೇನೆ. ಯಾರು ಹೋದರು, ಯಾರು ಬಂದರು ಬರೆಯುತ್ತೇನೆ, ಗ್ಯಾಸ್ ಮೀಟರ್ ನೋಡುತ್ತೇನೆ. ಮುಚ್ಚಿಟ್ಟ ಟ್ಯಾಂಕಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ತಿಂದುಬಿಡುತ್ತದೆ. ಶೇಕಡಾ 19.5ಕ್ಕಿಂತ ಇಳಿದರೆ ಮೀಟರ್ ಕಿರುಚುತ್ತದೆ. ಒಳಗೆ ಯಾರಾದರೂ ಬಿದ್ದರೆ ನಾನು ರೇಡಿಯೋದಲ್ಲಿ ಕೂಗಬೇಕು. ಇಳಿಯುವ ಹಾಗಿಲ್ಲ. ಏನೇ ಆದರೂ ಇಳಿಯುವ ಹಾಗಿಲ್ಲ. ನಮ್ಮ ಕಡೆ ಬಾವಿಗೆ ಇಳಿದವನನ್ನು ಎತ್ತಲು ಇಳಿದವನೂ ಬರುವುದಿಲ್ಲವಲ್ಲ, ಅದೇ ಕಾರಣ.

ಇದಕ್ಕೆ ಅಭ್ಯಾಸ ಮಾಡಿಸುತ್ತಾರೆ. ಒಬ್ಬ ಒಳಗೆ ಹೋಗಿ ಮಲಗಿ ನರಳುತ್ತಾನೆ. ಅವನಿಗೆ ಏನೂ ಆಗಿಲ್ಲ ಅಂತ ನಿನಗೆ ಗೊತ್ತು. ಆದರೂ ಅವನು ನಿನ್ನ ಹೆಸರು ಹಿಡಿದು ಕರೆಯುತ್ತಾನೆ. ಅದೇ ಪರೀಕ್ಷೆ. ಒಮ್ಮೆ ಹೊಸ ಹುಡುಗನೊಬ್ಬ ತಡೆಯಲಾರದೆ ಇಳಿದೇಬಿಟ್ಟ. ಕಲಿಸುವವನು ಗಡಿಯಾರ ನೋಡಿ "ಈಗ ಎರಡು ಹೆಣ" ಅಂದ, ಮುಂದಿನವನನ್ನು ಕರೆದ.

ಅದಕ್ಕೇ ಹೇಳುವುದು, ಸಿಕ್ಕಿಹಾಕಿಕೊಂಡವನು "ನೀವು ಹೋಗಿ" ಅನ್ನುವುದಿಲ್ಲ. ಮೊದಲು ತಮಾಷೆ ಮಾಡುತ್ತಾನೆ. ಆಮೇಲೆ ಉಪಾಯ ಹೇಳುತ್ತಾನೆ, ಒಂದಾದ ಮೇಲೆ ಒಂದು. ಈಚೆಯವರು ಒಂದೊಂದಕ್ಕೂ ಆಗುವುದಿಲ್ಲ ಅನ್ನಬೇಕು. ಆಮೇಲೆ ಹೆಸರು ಹಿಡಿದು ಕರೆಯುತ್ತಾನೆ. ನಳಿನಿ ಅದನ್ನು ಕೇಳಿಕೊಂಡೇ ತಿರುಗಿ ನಡೆಯಬೇಕು. ಅಪ್ಪನ ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಬಿಡದೆ ಹಿಡಿದುಕೊಂಡರೆ ಹೇಗಿರುತ್ತದೆ, ಹಾಗೆ ಬರೆ ಆ ಮಾತುಕತೆ.

ನಿಜವಾಗಿ ಬಾಗಿಲು ಹಾಕಿದವನೊಬ್ಬನ ಕಥೆ ಇದೆ. 1939ರ ಮೇ 23ರಂದು ಅಮೆರಿಕದ ಸ್ಕ್ವಾಲಸ್ ಎಂಬ ಜಲಾಂತರ್ಗಾಮಿಯ ಹಿಂಭಾಗಕ್ಕೆ ನೀರು ನುಗ್ಗಿ ಮುಳುಗಿತು. ಲಾಯ್ಡ್ ಮ್ಯಾನೆಸ್ ಎಂಬ ಎಲೆಕ್ಟ್ರಿಷಿಯನ್ ನಡುವಿನ ಬಾಗಿಲಲ್ಲಿದ್ದ. ಓಡಿ ಬಂದವರಿಗೆ ತೆರೆದು ಹಿಡಿದ. ನೀರು ಬಂತು, ಹಾಕಿದ. ಈಚೆಯ 33 ಜನರನ್ನು ಗಂಟೆಯಾಕಾರದ ಕೋಣೆಯೊಂದನ್ನು ಇಳಿಸಿ ಮೇಲಕ್ಕೆ ತಂದರು. 26 ಜನ ಹೋದರು. ಅವನು ಬಾಗಿಲನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದರೆ ಆ 33ರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರು?

ಇನ್ನು ಚಂದ್ರನದ್ದೇ ಉದಾಹರಣೆ. 1969ರಲ್ಲಿ ಇಬ್ಬರು ಕೆಳಗೆ ಇಳಿದಾಗ ಮೈಕೆಲ್ ಕಾಲಿನ್ಸ್ ಮೇಲೆ ಸುತ್ತುತ್ತಿದ್ದ. ಕೆಳಗಿದ್ದವರು ಏಳಲು ಇದ್ದದ್ದು ಒಂದೇ ಎಂಜಿನ್. ಅದು ಕೈಕೊಟ್ಟರೆ ಕಾಲಿನ್ಸ್ ಒಬ್ಬನೇ ವಾಪಸ್ ಬರಬೇಕು. ತಿಂಗಳುಗಟ್ಟಲೆ ತನ್ನನ್ನು ಒಳಗೊಳಗೇ ಕೊರೆದ ಭಯ ಅದೇ ಅಂತ ಅವನೇ ಬರೆದಿದ್ದಾನೆ. ಅಧ್ಯಕ್ಷ ನಿಕ್ಸನ್‌ಗೆ ಓದಲು ಶೋಕದ ಭಾಷಣವನ್ನೂ ವಿಲಿಯಂ ಸಫೈರ್ ಎಂಬವರು ಜುಲೈ 18ಕ್ಕೇ ಬರೆದಿಟ್ಟಿದ್ದರು. ಅದರಲ್ಲಿ ಭಾಷಣಕ್ಕಿಂತ ಅದರ ಕೆಳಗಿನ ಸೂಚನೆ ಓದಿ ನನಗೆ ಕೈ ತಣ್ಣಗಾಯಿತು. ಕೆಳಗಿರುವವರ ಜೊತೆ ನಾಸಾ ಸಂಪರ್ಕ ನಿಲ್ಲಿಸುವ ಹೊತ್ತಿಗೆ ಪಾದ್ರಿಯೊಬ್ಬರು ಸಮುದ್ರದಲ್ಲಿ ಹೆಣ ಬಿಡುವಾಗಿನ ಪ್ರಾರ್ಥನೆ ಮಾಡಬೇಕು ಅಂತ. ಅವರು ಇನ್ನೂ ಬದುಕಿರುವಾಗಲೇ!

ನೀನು ಈ ರೇಡಿಯೋ ಹಿಡಿದುಕೋ. ನಿನ್ನ ಕಥೆ ರಾಕೆಟ್ಟು ಏಳುವಲ್ಲಿ ಮುಗಿಯುತ್ತದೆ, ನನ್ನ ಪ್ರಕಾರ ಅಲ್ಲಿಂದ ಶುರು. 110 ಕಿಲೋಮೀಟರ್ ಎತ್ತರದಲ್ಲಿ ಚಂದ್ರನನ್ನು ಒಂದು ಸುತ್ತು ಬರಲು ಸುಮಾರು ಎರಡು ಗಂಟೆ. ಅಷ್ಟು ಎತ್ತರದಿಂದ ನೆಲದ ಒಂದು ಜಾಗ ಕಣ್ಣಿಗೆ ಬೀಳುವುದು ಒಂದು ಸುತ್ತಿಗೆ ಹೆಚ್ಚೆಂದರೆ 13 ನಿಮಿಷ. ಕಲ್ಲಿನ ಒಳಗಿಂದ ರೇಡಿಯೋ ಬರುವುದಿಲ್ಲ, ಗುಂಡಿಯ ಬಾಯಿಗೆ ವೈರ್ ಎಳೆದು ಆಂಟೆನಾ ಇಡಬೇಕು. ಹೊರಡುವ ಮೊದಲು ನಳಿನಿ ಅದೊಂದು ಕೆಲಸ ಮಾಡಲಿ. ಆಮೇಲೆ ಎರಡು ಗಂಟೆಗೊಮ್ಮೆ ರಫೀಕ್ 13 ನಿಮಿಷ ಸಿಗುತ್ತಾನೆ. ಒಂದು ಸಲ ಬೈಯುತ್ತಾನೆ. ಒಂದು ಸಲ ಮಾತಾಡುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ಇನ್ನೊಂದು ಸಲ ಉಪ್ಪಳದ ಹೋಟೆಲಿನ ಪರೋಟದ ವಿಷಯ ಹೇಳಿಯೇ ಹೊತ್ತು ಮುಗಿಸುತ್ತಾನೆ. ಇಂಧನ ಕಮ್ಮಿ, ಭೂಮಿಯ ದಾರಿ ಹಿಡಿಯಲೇಬೇಕು. ಎಷ್ಟು ಸುತ್ತು ಕಾಯಬಹುದು ಅಂತ ನಳಿನಿಯೇ ಹೇಳಬೇಕು. ಅಲ್ಲಿ ಅವಳು ಎರಡನೇ ಸಲ ಬಿಟ್ಟು ಹೊರಡುತ್ತಾಳೆ. ಈ ಸಲ ಸೂರ್ಯನ ನೆಪವೂ ಇಲ್ಲ.

ಅಮ್ಮನಿಗೆ ಹೀಗೆ ಹೇಳು. ಧರ್ಮರಾಯ ನಾಯಿಯನ್ನು ಬಿಡಲಿಲ್ಲ, ನಿಜ. ಆದರೆ ಅದಕ್ಕೆ ಮೊದಲು ದಾರಿಯಲ್ಲಿ ದ್ರೌಪದಿ ಬಿದ್ದಳು, ಸಹದೇವ, ನಕುಲ, ಅರ್ಜುನ ಬಿದ್ದರು. ಭೀಮ ಪ್ರತಿ ಸಲವೂ ಕೇಳಿದ, ಯಾಕೆ ಬಿದ್ದರು ಅಂತ. ಕೊನೆಗೆ ತಾನೇ ಬಿದ್ದಾಗಲೂ ಕೂಗಿ ಕೇಳಿದ. ಧರ್ಮರಾಯ ಎಲ್ಲದಕ್ಕೂ ಉತ್ತರ ಕೊಟ್ಟ, ನಡೆಯುತ್ತಲೇ ಕೊಟ್ಟ, ತಿರುಗಿ ನೋಡಲಿಲ್ಲ. ಅಮ್ಮ ಇದಕ್ಕೂ ಏನಾದರೂ ಹೇಳುತ್ತಾಳೆ. ಏನು ಹೇಳಿದಳು ಅಂತ ಬರೆ, ಅದು ಕಥೆಗೆ ಬೇಕಾಗಬಹುದು.

ರಫೀಕ್ ಉಳಿಯುತ್ತಾನಾ ಇಲ್ಲವಾ ಅಂತ ನೀನೇ ನೋಡಿಕೋ, ನಾನು ಬಾಯಿ ಹಾಕುವುದಿಲ್ಲ. ಉಳಿದರೆ ಅವನು ನಳಿನಿಯ ಮುಖ ನೋಡುವ ಪುಟವನ್ನು ಮಾತ್ರ ಬಿಟ್ಟು ಹಾರಬೇಡ.

ಮಳೆ ಬಿಟ್ಟ ಹೊತ್ತಿನಲ್ಲಿ ಅಡಕೆಗೆ ಎರಡನೇ ಮದ್ದು ಬಿಡಲು ಜನ ಸಿಕ್ಕಿದರಾ? ದುಡ್ಡು ಈ ತಿಂಗಳು ಸ್ವಲ್ಪ ಮೊದಲೇ ಹಾಕುತ್ತೇನೆ. ಅಪ್ಪನಿಗೆ ಬಾಗಿಲಿನ ಲೆಕ್ಕ ತೋರಿಸು. ಹಿಂಬಾಗಿಲಿನ ವಾದ ಮತ್ತೆ ಹೂಡಿದರೆ ಹೇಳು, ಹಿಂಬಾಗಿಲು ಇತ್ತು, ಮೊದಲು ಕುಸಿದದ್ದೇ ಅದು ಅಂತ.

ಇತಿ,
ಅಣ್ಣ